ಟ್ರಂಕು ಇಡುವ ಜಾಗ

ಸ್ಯಾನ್ ಡಿಯಾಗೊದಲ್ಲಿ ಪ್ರತಿ ವರ್ಷ ಜನವರಿಯ ಕೊನೆಯ ವಾರ, ಒಂದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ, ನೂರಾರು ಸ್ವಯಂಸೇವಕರು ಮೂರು ನಾಲ್ಕು ಮಂದಿಯ ತಂಡ ಕಟ್ಟಿಕೊಂಡು ಬೀದಿಗಿಳಿದು ಮನೆಯಿಲ್ಲದವರನ್ನು ಎಣಿಸುತ್ತಾರೆ. ಅಮೆರಿಕದ ಬಹುತೇಕ ಎಲ್ಲ ಊರುಗಳಲ್ಲೂ ಇದೇ ಹತ್ತು ದಿನಗಳ ಒಳಗೆ ಇಂಥ ಎಣಿಕೆ ನಡೆಯುತ್ತದೆ, ಏಕೆಂದರೆ ಕೇಂದ್ರದ ವಸತಿ ಇಲಾಖೆಯ ಅನುದಾನ ಬೇಕಾದರೆ ತಲೆ ಲೆಕ್ಕ ಕೊಡಲೇಬೇಕು. ಈ ಊರಿಗೆ ಬಂದು ಹದಿನೆಂಟು ವರ್ಷವಾದರೂ ನಾನು ಆ ಎಣಿಕೆಗೆ ಹೋದದ್ದು ಒಂದೇ ಸಲ, ಮೂರು ವರ್ಷದ ಹಿಂದೆ, ಆಫೀಸಿನ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ.

ನಮ್ಮ ಪಾಲಿಗೆ ಬಂದ ಬಡಾವಣೆಯಲ್ಲಿ ಒಂದು ದಿನಸಿ ಅಂಗಡಿಯ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಹಳೆಯ ವ್ಯಾನೊಂದು ನಿಂತಿತ್ತು. ಮುಂದಿನ ಗಾಜಿಗೆ ಬಿಸಿಲು ತಡೆಯುವ ಬೆಳ್ಳಿ ಬಣ್ಣದ ಹಾಳೆ, ಪಕ್ಕದ ಗಾಜುಗಳಿಗೆ ಒಳಗಿನಿಂದ ಸ್ನಾನದ ಟವೆಲುಗಳು. ಮಲಗಿದವರನ್ನು ಎಬ್ಬಿಸಬಾರದೆಂದು ನಮಗೆ ಮೊದಲೇ ಹೇಳಿದ್ದರಿಂದ ‘ವಾಹನ, ಒಂದು’ ಎಂದಷ್ಟೇ ಗುರುತು ಹಾಕಿಕೊಂಡು ಮುಂದೆ ಹೋಗುವವರಿದ್ದೆವು. ಅಷ್ಟರಲ್ಲಿ ಬಾಗಿಲು ಸರಿಯಿತು. ಕೈಯಲ್ಲಿ ನೀರಿನ ಬಾಟಲಿ, ಹಲ್ಲುಜ್ಜುವ ಬ್ರಷ್ಷು ಹಿಡಿದು ಇಳಿದ ಮೂವತ್ತೈದರ ಆಸುಪಾಸಿನ ಹೆಂಗಸು ನಮ್ಮನ್ನು ಕಂಡವಳೇ ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡು ಕೇಳಿದ ಮೊದಲ ಮಾತು, ನೀವು ಮಕ್ಕಳ ರಕ್ಷಣಾ ಇಲಾಖೆಯವರೇ ಎಂದು. ಅಲ್ಲವೆಂದು ತಿಳಿದ ಮೇಲೆಯೇ ಅವಳ ಹೆಗಲು ಸಡಿಲವಾದದ್ದು. ನಮ್ಮ ತಂಡದ ಮುಖಂಡೆ ಮೊಬೈಲಿನಲ್ಲಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಓದಿದರು. ‘ನೀವು ಮಾಜಿ ಸೈನಿಕರೇ’ ಎಂದು ಕೇಳಬೇಡಿ, ‘ಎಂದಾದರೂ ಸೈನ್ಯದಲ್ಲಿ ಕೆಲಸ ಮಾಡಿದ್ದೀರಾ’ ಎಂದು ಕೇಳಿ ಎಂಬುದು ನಮಗೆ ಕೊಟ್ಟಿದ್ದ ಸೂಚನೆ; ಮೊದಲ ಪ್ರಶ್ನೆಗೆ ಇಲ್ಲವೆನ್ನುವ ಎಷ್ಟೋ ಹೆಂಗಸರು ಎರಡನೆಯದಕ್ಕೆ ಹೌದೆನ್ನುತ್ತಾರಂತೆ. ಇವಳೂ ಹೌದೆಂದಳು. ಆರು ವರ್ಷ ನೌಕಾಪಡೆಯ ಹಡಗಿನಲ್ಲಿ ವಿದ್ಯುತ್ ರಿಪೇರಿಯ ಕೆಲಸ. ವ್ಯಾನಿನ ಹಿಂದುಗಡೆ ಹಳದಿ ಮುಚ್ಚಳದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಸೇವೆಯಿಂದ ಬಿಡುಗಡೆಯಾದಾಗ ಕೊಡುವ ಡಿಡಿ 214 ಎಂಬ ಕಾಗದವೂ ಮಕ್ಕಳ ಲಸಿಕೆಯ ಚೀಟಿಗಳೂ ಒಂದೇ ಪಾರದರ್ಶಕ ಚೀಲದಲ್ಲಿದ್ದವು. ಟವೆಲಿನ ಸಂದಿಯಲ್ಲಿ, ಗಾಜಿಗೆ ಒತ್ತಿಕೊಂಡ, ಕಾಲುಚೀಲ ಹಾಕಿದ ಒಂದು ಪುಟ್ಟ ಪಾದ ಕಾಣುತ್ತಿತ್ತು.

ಆ ವರ್ಷದ ಯುಗಾದಿಗೆ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತು ಇದನ್ನು ಹೇಳಿದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು, “ನಮ್ಮಲ್ಲಿ ಹೀಗೆಲ್ಲ ಆಗಲ್ಲ ಬಿಡಿ ಸಾರ್, ನಮಗೆ ಫ್ಯಾಮಿಲಿ ಅಂತ ಒಂದಿದೆ” ಎಂದರು. ಹೊರನಾಡಿನಲ್ಲಿ ನಾವು ಊರನ್ನು ನೆನೆಯುವ ರೀತಿಯೇ ಅಂಥದ್ದು: ಇಲ್ಲಿನ ಕೊರತೆಯ ಎದುರು ಅಲ್ಲಿನ ನೆನಪನ್ನು ಇಟ್ಟು ತೂಗುತ್ತೇವೆ, ಅಲ್ಲಿನ ಕೊರತೆಯನ್ನು ತಕ್ಕಡಿಗೇ ಹಾಕುವುದಿಲ್ಲ. ನನಗೂ ಆ ಕ್ಷಣಕ್ಕೆ ಅವರ ಮಾತು ಸರಿಯೆನಿಸಿತ್ತು. ಯೋಚಿಸುತ್ತ ಹೋದಂತೆ, ನಮ್ಮಲ್ಲಿ ಸೈನಿಕರ ಸಂಸಾರಗಳನ್ನು ಇಷ್ಟು ಕಾಲ ಬೀದಿಗೆ ಬೀಳದಂತೆ ಹಿಡಿದಿಟ್ಟದ್ದು ಫ್ಯಾಮಿಲಿಯಲ್ಲ, ಅದರ ಹಿಂದೆ ಸದ್ದಿಲ್ಲದೆ ನಿಂತಿದ್ದ ಇನ್ನೊಂದು ವಸ್ತು ಎಂದು ತೋರಿತು.

ಅದಕ್ಕೆ ಮೊದಲು ಇಲ್ಲಿನ ವಿಷಯ. ಅಮೆರಿಕ ಈ ವಿಚಾರದಲ್ಲಿ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2009ರಲ್ಲಿ ಮಾಜಿ ಸೈನಿಕರ ಇಲಾಖೆಯ ಮುಖ್ಯಸ್ಥರಾಗಿದ್ದ ಎರಿಕ್ ಶಿನ್ಸೆಕಿ ಐದು ವರ್ಷದಲ್ಲಿ ಮನೆಯಿಲ್ಲದ ಮಾಜಿ ಸೈನಿಕರೇ ಇರದಂತೆ ಮಾಡುತ್ತೇವೆಂದು ಘೋಷಿಸಿದರು. ಆ ಮಾತು ಪೂರ್ತಿಯಾಗಿ ನಡೆಯಲಿಲ್ಲ. ಆದರೆ 2010ರ ಜನವರಿ ಎಣಿಕೆಯಲ್ಲಿ 74 ಸಾವಿರಕ್ಕೂ ಹೆಚ್ಚಿದ್ದ ಸಂಖ್ಯೆ 2024ರ ಹೊತ್ತಿಗೆ 32,882ಕ್ಕೆ ಇಳಿದಿತ್ತು. ಅದೇ 2024ರಲ್ಲಿ ದೇಶದ ಒಟ್ಟು ಮನೆಯಿಲ್ಲದವರ ಸಂಖ್ಯೆ 7,71,480ಕ್ಕೆ ಏರಿ, ಎಣಿಕೆ ಶುರುವಾದಂದಿನಿಂದ ಅತ್ಯಂತ ಹೆಚ್ಚಿನದಾಗಿತ್ತು. ಎಲ್ಲರ ಸಂಖ್ಯೆ ಏರುವಾಗ ಒಂದು ಗುಂಪಿನದು ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿದದ್ದು ತಾನಾಗಿ ಆದದ್ದಲ್ಲ. ಬಾಡಿಗೆಯ ಬಹುಪಾಲನ್ನು ಸರ್ಕಾರ ಭರಿಸುವ ಚೀಟಿಯೊಂದನ್ನು ಕೈಗಿಟ್ಟು, ಜೊತೆಗೆ ಇಲಾಖೆಯ ಒಬ್ಬ ಸಮಾಜ ಕಾರ್ಯಕರ್ತರನ್ನೂ ಗಂಟುಹಾಕುವ ಯೋಜನೆ 1992ರಲ್ಲಿ ಸಣ್ಣದಾಗಿ ಶುರುವಾಗಿ 2008ರಿಂದ ದೊಡ್ಡದಾಯಿತು. ಬಾಡಿಗೆ ಬಾಕಿ, ಮುಂಗಡ ಮುಂತಾದವನ್ನು ಕಟ್ಟಿಕೊಟ್ಟು ಸಂಸಾರ ಬೀದಿಗೆ ಬೀಳುವ ಮುನ್ನವೇ ತಡೆಯುವ ಇನ್ನೊಂದು ಯೋಜನೆ 2011ರಿಂದ ನಡೆಯುತ್ತಿದೆ. ದುಡ್ಡು ಹಾಕಿದರೆ ಆಗುತ್ತದೆ ಎಂಬುದನ್ನು ಈ ದೇಶ ತೋರಿಸಿಕೊಟ್ಟಿದೆ.

ಹಾಗಿದ್ದೂ ಆ ಹೆಂಗಸು ವ್ಯಾನಿನಲ್ಲಿದ್ದಳು. ಮನೆಯಿಲ್ಲದ ಮಾಜಿ ಸೈನಿಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಹೆಂಗಸರು. ಸೈನ್ಯಕ್ಕೆ ಹೋಗದ ಹೆಂಗಸರಿಗೆ ಹೋಲಿಸಿದರೆ ಸೈನ್ಯದಿಂದ ಹೊರಬಂದ ಹೆಂಗಸರು ಮನೆ ಕಳೆದುಕೊಳ್ಳುವ ಸಂಭವ ಎರಡು ಪಟ್ಟಿಗಿಂತಲೂ ಹೆಚ್ಚೆಂದು ಅಧ್ಯಯನಗಳು ಹೇಳುತ್ತ ಬಂದಿವೆ. ಕಾರಣ ಕೇಳಿದರೆ ಮೊದಲು ಬರುವುದು ಸೈನ್ಯದೊಳಗಿನ ಲೈಂಗಿಕ ದೌರ್ಜನ್ಯ. ಇಲಾಖೆಯ ಆಸ್ಪತ್ರೆಗೆ ಬರುವ ಪ್ರತಿಯೊಬ್ಬರನ್ನೂ ಈ ಬಗ್ಗೆ ಕೇಳುವ ಪದ್ಧತಿಯಿದ್ದು, ಸುಮಾರು ಮೂವರಲ್ಲಿ ಒಬ್ಬ ಹೆಂಗಸು ಹೌದೆನ್ನುತ್ತಾಳೆ. ಲಾಸ್ ಏಂಜಲೀಸಿನಲ್ಲಿ ಮನೆಯಿಲ್ಲದ ಮಾಜಿ ಸೈನಿಕ ಹೆಂಗಸರ ನಡುವೆ ನಡೆದ, 2010ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಹಾಗೆ ಹೇಳಿದವರು ಅರ್ಧಕ್ಕಿಂತ ಹೆಚ್ಚು. ನಿದ್ದೆ ಕೆಟ್ಟು, ಕೆಲಸ ಹೋಗಿ, ಗಂಡ ಬಿಟ್ಟು ಅಥವಾ ಗಂಡನನ್ನು ಬಿಟ್ಟು, ಕೊನೆಗೆ ಮಕ್ಕಳೊಂದಿಗೆ ಕಾರಿಗೆ ಬರುವ ದಾರಿ ಎಲ್ಲರದೂ ಒಂದೇ ಅಲ್ಲವಾದರೂ, ಈ ಮೆಟ್ಟಿಲುಗಳು ಮತ್ತೆ ಮತ್ತೆ ಕಾಣುತ್ತವೆ. ಸ್ಯಾನ್ ಡಿಯಾಗೊದಲ್ಲಂತೂ ಎರಡು ಕೋಣೆಯ ಮನೆಗೆ ತಿಂಗಳಿಗೆ ಎರಡೂವರೆ ಸಾವಿರ ಡಾಲರಿಗಿಂತ ಕಡಿಮೆ ಬಾಡಿಗೆ ಸಿಗುವುದೇ ಕಷ್ಟ. ಬಾಡಿಗೆಯ ಮೂರು ಪಟ್ಟು ಸಂಬಳ ತೋರಿಸದಿದ್ದರೆ ಮನೆಯೊಡೆಯರು ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಸೇವೆಯಲ್ಲಿರುವವರೆಗೆ ಕೈಗೆ ಬರುತ್ತಿದ್ದ ಮನೆ ಬಾಡಿಗೆ ಭತ್ಯೆ, ಸಮವಸ್ತ್ರ ಕಳಚಿದ ತಿಂಗಳಿನಿಂದ ಇಲ್ಲ.

ಇವೆಲ್ಲವೂ ನಿಜವೇ. ಆದರೆ ನೆರವಿನ ಬಾಗಿಲೇ ಒಂಟಿ ಗಂಡಸಿನ ಅಳತೆಗೆ ಕೊರೆದದ್ದು ಎಂಬುದು ನನ್ನನ್ನು ಹೆಚ್ಚು ಕಾಡಿದ ಸಂಗತಿ. ಹೆಚ್ಚಿನ ತಂಗುದಾಣಗಳನ್ನು ಇಲಾಖೆ ತಾನೇ ನಡೆಸುವುದಿಲ್ಲ. ನಡೆಸುವ ಸಂಸ್ಥೆಗಳಿಗೆ ತಂಗಿದ ಒಬ್ಬೊಬ್ಬ ಮಾಜಿ ಸೈನಿಕರಿಗೆ ದಿನಕ್ಕಿಷ್ಟು ಎಂದು ಹಣ ಕೊಡುತ್ತದೆ. ಮಗು ಮಾಜಿ ಸೈನಿಕನಲ್ಲವಾದ್ದರಿಂದ ಮಗುವಿನ ಹಾಸಿಗೆಗೆ ಬಹಳ ಕಾಲ ದುಡ್ಡಿರಲಿಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2011ರ ಡಿಸೆಂಬರಿನಲ್ಲಿ ಕೊಟ್ಟ ವರದಿಯ ಪ್ರಕಾರ, ಇಲಾಖೆಯ ಗಮನಕ್ಕೆ ಬಂದ ಮನೆಯಿಲ್ಲದ ಮಾಜಿ ಸೈನಿಕ ಹೆಂಗಸರು 2006ರಲ್ಲಿ 1,380 ಇದ್ದವರು 2010ಕ್ಕೆ 3,328 ಆಗಿದ್ದರು. ಆದರೆ ಹೆಂಗಸರಿಗೆ ಜಾಗ ಕೊಡುತ್ತೇವೆ ಎಂದ ಈ ಬಗೆಯ ತಂಗುದಾಣಗಳಲ್ಲಿ ಶೇಕಡ 60ಕ್ಕೂ ಹೆಚ್ಚು ಕಡೆ ಮಕ್ಕಳಿಗೆ ಪ್ರವೇಶವಿರಲಿಲ್ಲ. ಸೇರಿಸಿಕೊಳ್ಳುವ ಕಡೆಗಳಲ್ಲೂ ಹೆಚ್ಚಿನವು ಇಷ್ಟು ವಯಸ್ಸಿನ ಒಳಗಿನವರು, ಇಷ್ಟೇ ಮಕ್ಕಳು ಎಂದು ಗೆರೆ ಎಳೆದಿದ್ದವು. ಅಂದರೆ ತಾಯಿ ಒಳಗೆ ಹೋಗಬೇಕಾದರೆ ಮಕ್ಕಳನ್ನು ಎಲ್ಲಾದರೂ ಬಿಟ್ಟು ಬರಬೇಕು. ಎಲ್ಲಿ? ಬಿಡಲು ಒಂದು ಕಡೆ ಇದ್ದಿದ್ದರೆ ಅವಳು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಇನ್ನು ಸೈನ್ಯದಲ್ಲಿ ಗಂಡಸರ ಕೈಯಲ್ಲಿ ನೊಂದವಳನ್ನು ಗಂಡಸರೇ ತುಂಬಿದ ಮೊಗಸಾಲೆಗಳಲ್ಲಿ ಮಲಗಿಸುವ ಪ್ರಶ್ನೆಯನ್ನೂ ಆ ವರದಿ ಎತ್ತಿತ್ತು. 2021ರ ಜನವರಿಯಲ್ಲಿ ಅಂಕಿತವಾದ ಕಾನೂನೊಂದು ಕೊನೆಗೂ ಮಕ್ಕಳ ಲೆಕ್ಕಕ್ಕೆ ದಿನಭತ್ಯದ ಒಂದು ಪಾಲು ಕೊಡಲು ದಾರಿ ಮಾಡಿತು. ಒಳ್ಳೆಯದೇ. ಆದರೆ ಸಾಲು ಮಂಚಗಳ ಹಜಾರವನ್ನು ಸಂಸಾರ ಇರಬಲ್ಲ ಕೋಣೆಗಳಾಗಿ ಬದಲಿಸುವ ಕೆಲಸ ಕಾನೂನಿಗೆ ಸಹಿ ಬಿದ್ದಷ್ಟು ಬೇಗ ಆಗುವಂಥದ್ದಲ್ಲ.

ಆ ಕಾನೂನಿನ ಒಂದು ಭಾಗಕ್ಕೆ ಡೆಬೊರಾ ಸ್ಯಾಂಪ್ಸನ್ ಎಂಬಾಕೆಯ ಹೆಸರಿಟ್ಟಿದ್ದಾರೆ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಗಂಡು ವೇಷ ಹಾಕಿ, ಗಂಡಿನ ಹೆಸರಿನಲ್ಲಿ ಸೇನೆ ಸೇರಿದ್ದ ಆಕೆಗೆ ಪಿಂಚಣಿ ಸಿಕ್ಕಿದ್ದು 1805ರಲ್ಲಿ, ಅದೂ ಪಾಲ್ ರೆವಿಯರ್‌ರಂಥ ದೊಡ್ಡವರೊಬ್ಬರು ಆಕೆಯ ಪರವಾಗಿ ಕಾಗದ ಬರೆದ ಮೇಲೆ. ನನಗೆ ಆಕೆಯ ಶೌರ್ಯಕ್ಕಿಂತ ಆ ಶಿಫಾರಸು ಪತ್ರವೇ ಹೆಚ್ಚು ಅರ್ಥವತ್ತಾಗಿ ಕಾಣುತ್ತದೆ. ಹೆಣ್ಣು ಸೈನಿಕಳೆಂದು ನಂಬಿಸಲು ಗಂಡಸೊಬ್ಬನ ಸಹಿ ಬೇಕಾಗಿತ್ತು. ಮಾಜಿ ಸೈನಿಕರ ಇಲಾಖೆಯ ಧ್ಯೇಯವಾಕ್ಯವೂ ಲಿಂಕನ್ನರ 1865ರ ಭಾಷಣದಿಂದ ತೆಗೆದದ್ದು: ಯುದ್ಧದ ಭಾರ ಹೊತ್ತ ‘ಅವನನ್ನು’, ಅವನ ವಿಧವೆಯನ್ನು, ಅವನ ತಬ್ಬಲಿಯನ್ನು ನೋಡಿಕೊಳ್ಳುವುದು ಎಂದು. ಹೆಂಗಸು ಅಲ್ಲಿ ವಿಧವೆಯಾಗಿ ಮಾತ್ರ ಇದ್ದಳು. 2023ರ ಮಾರ್ಚಿನಲ್ಲಿ ಅದನ್ನು ಬದಲಾಯಿಸಿ, ಸೈನ್ಯದಲ್ಲಿ ಸೇವೆ ಮಾಡಿದ ಎಲ್ಲರನ್ನೂ ಒಳಗೊಳ್ಳುವಂತೆ ತಿದ್ದಿದರು. ನಗುವ ಮುನ್ನ ನಮ್ಮ ನುಡಿಯನ್ನೂ ನೋಡಿಕೊಳ್ಳೋಣ. ಭಾರತದಲ್ಲಿ ‘ವೀರ ನಾರಿ’ ಎಂದರೆ ಯುದ್ಧ ಮಾಡಿದವಳಲ್ಲ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು. ‘ಮಾಜಿ ಸೈನಿಕ’ ಎಂಬುದಕ್ಕೆ ಹೆಂಗಸರ ಕಡೆಯ ರೂಪವೊಂದು ನಮ್ಮ ಬಾಯಲ್ಲಿ ಇನ್ನೂ ಹುಟ್ಟಿಲ್ಲ. ‘ಮಾಜಿ ಸೈನಿಕರ ಪತ್ನಿ’ ಎನ್ನುವುದು ಮಾತ್ರ ಸಲೀಸಾಗಿ ಬರುತ್ತದೆ.

ತಾಯ್ತನವನ್ನು ಸೈನ್ಯ ನೋಡಿದ ಬಗೆಯಲ್ಲೂ ಎರಡು ದೇಶಗಳು ದೂರವೇನಿಲ್ಲ. 1948ರಲ್ಲಿ ಅಮೆರಿಕ ಹೆಂಗಸರನ್ನು ಕಾಯಂ ಸೇನೆಗೆ ಸೇರಿಸಿಕೊಂಡಿತು. 1951ರಲ್ಲಿ ಅಧ್ಯಕ್ಷ ಟ್ರೂಮನ್ ಹೊರಡಿಸಿದ ಆದೇಶವೊಂದು, ಬಸುರಿಯಾದವಳನ್ನೂ ಮನೆಯಲ್ಲಿ ಚಿಕ್ಕ ಮಕ್ಕಳಿರುವವಳನ್ನೂ ಸೇವೆಯಿಂದ ತೆಗೆದುಹಾಕಲು ಅಧಿಕಾರ ಕೊಟ್ಟಿತು. ಆ ಪದ್ಧತಿ ಎಪ್ಪತ್ತರ ದಶಕದ ನಡುವಿನವರೆಗೂ ಉಳಿಯಿತು. ನಮ್ಮಲ್ಲಿ ಸೇನಾ ನರ್ಸಿಂಗ್ ಸೇವೆಯ ಅಧಿಕಾರಿಯೊಬ್ಬರನ್ನು 1988ರಲ್ಲಿ ಮದುವೆಯಾದರೆಂಬ ಕಾರಣಕ್ಕೆ ಮನೆಗೆ ಕಳಿಸಿದ್ದರು. ಅದು ತಪ್ಪೆಂದು, 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಫೆಬ್ರುವರಿಯಲ್ಲಿ. ಒಂದು ಅನ್ಯಾಯ ಕೋರ್ಟಿನ ಮೆಟ್ಟಿಲಿಳಿಯಲು ಮೂವತ್ತಾರು ವರ್ಷ.

ಈಗಿನ ಅಮೆರಿಕದ ಸೈನ್ಯ ತಾಯಂದಿರನ್ನು ಹೊರಹಾಕುವುದಿಲ್ಲ. ಬದಲಿಗೆ ಒಂದು ಕಾಗದ ಬರೆಸಿಕೊಳ್ಳುತ್ತದೆ. ಗಂಡನಿಲ್ಲದೆ ಮಕ್ಕಳನ್ನು ಸಾಕುವ ಸೈನಿಕಳು, ತಾನು ಹಡಗಿಗೋ ಹೊರದೇಶದ ನೆಲೆಗೋ ಹೋಗಬೇಕಾದಾಗ ಮಕ್ಕಳು ಯಾರ ಮನೆಯಲ್ಲಿರುತ್ತಾರೆ, ತುರ್ತಿಗೆ ಅದೇ ಊರಿನಲ್ಲಿ ಯಾರು ನೋಡಿಕೊಳ್ಳುತ್ತಾರೆ, ಅವರ ಒಪ್ಪಿಗೆಯ ಸಹಿ ಎಲ್ಲಿ ಎಂದು ಎಲ್ಲವನ್ನೂ ಬರೆದು ಒಪ್ಪಿಸಬೇಕು. ಒಪ್ಪಿಸಲಾಗದಿದ್ದರೆ ಸೇವೆಯಿಂದಲೇ ಹೊರಬೀಳಬೇಕಾದೀತು. ವ್ಯಾನಿನ ಆ ಹೆಂಗಸೂ ಅದನ್ನು ಬರೆದುಕೊಟ್ಟಿದ್ದಳಂತೆ, ಹಿರಿಯ ಮಗು ಹುಟ್ಟಿದ ಮೇಲೆ, ತನ್ನ ಅಕ್ಕನ ಹೆಸರು ಹಾಕಿ. ಅಂದರೆ ತನಗೆ ಅವಳ ದುಡಿಮೆ ಬೇಕಿದ್ದಷ್ಟು ಕಾಲ, ಅವಳ ಮಗು ಇವತ್ತು ರಾತ್ರಿ ಎಲ್ಲಿ ಮಲಗುತ್ತದೆ ಎಂಬುದು ಸರ್ಕಾರಕ್ಕೆ ಕರಾರುವಾಕ್ಕಾಗಿ ಗೊತ್ತಿತ್ತು. ಸೇವೆ ಬಿಡುವವರಿಗೆ ನಡೆಸುವ ತರಬೇತಿಯಲ್ಲಿ ಮುಂದೆ ಎಲ್ಲಿ ವಾಸ ಎಂಬ ಪ್ರಶ್ನೆಯೂ ಇದೆ, ಇಲ್ಲವೆನ್ನಲಾರೆ. ಆದರೆ ಆ ಉತ್ತರಕ್ಕೆ ಯಾರ ಸಹಿಯೂ ಬೇಕಿಲ್ಲ, ಆರು ತಿಂಗಳ ಮೇಲೆ ಅದು ಸುಳ್ಳಾದರೆ ಕೇಳುವವರೂ ಇಲ್ಲ. ಅಕ್ಕನ ಮನೆಯಲ್ಲೇ ಇರಬಹುದಿತ್ತಲ್ಲ ಎಂದು ನಾನು ಕೇಳಿಬಿಟ್ಟೆ. ಪಟ್ಟಿಯಲ್ಲಿರದ ಪ್ರಶ್ನೆ, ಕೇಳಬಾರದಿತ್ತು. ಐದು ತಿಂಗಳಿದ್ದೆ, ಅಕ್ಕನ ಬಾಡಿಗೆ ಕರಾರಿನಲ್ಲಿ ನಮ್ಮ ಹೆಸರಿರಲಿಲ್ಲ, ಮನೆಯೊಡೆಯನಿಗೆ ಗೊತ್ತಾಯಿತು ಎಂದಳು.

ಆ ಐದು ತಿಂಗಳು ಅವಳು ಯಾವ ಲೆಕ್ಕದಲ್ಲೂ ಇರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಜನವರಿಯ ಎಣಿಕೆ ಬೀದಿಯಲ್ಲಿ, ಕಾರಿನಲ್ಲಿ, ತಂಗುದಾಣದಲ್ಲಿ ಇರುವವರನ್ನಷ್ಟೇ ಎಣಿಸುತ್ತದೆ. ನಂಟರ ಹಜಾರದಲ್ಲಿ ಮಲಗುವವರು ಅದರ ಪ್ರಕಾರ ಮನೆಯುಳ್ಳವರು. ಇಲ್ಲಿನ ಶಾಲೆಗಳು ಮಾತ್ರ 1987ರ ಕಾನೂನೊಂದರ ಕೆಳಗೆ ಬೇರೆ ಲೆಕ್ಕ ಇಡುತ್ತವೆ: ಮನೆ ಕಳೆದುಕೊಂಡು ಬೇರೆಯವರ ಮನೆಯಲ್ಲಿ ಇಕ್ಕಟ್ಟಿನಲ್ಲಿರುವ ಮಗುವೂ ಅವುಗಳ ಕಣ್ಣಿಗೆ ಮನೆಯಿಲ್ಲದ ಮಗುವೇ. ಆ ಲೆಕ್ಕದಲ್ಲಿ 2022–23ರ ಶಾಲಾ ವರ್ಷದಲ್ಲಿ ದೇಶದಾದ್ಯಂತ 13 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಒಂದೇ ಸರ್ಕಾರ, ಎರಡು ಇಲಾಖೆ, ಎರಡು ಕಣ್ಣು. ಮಕ್ಕಳಿರುವ ತಾಯಿ ಬೀದಿಗೆ ಬರುವ ಮುನ್ನ ಎಲ್ಲ ನಂಟರ ಮನೆಯನ್ನೂ ಹತ್ತಿಳಿದಿರುತ್ತಾಳೆ. ಬೀದಿಗೆ ಬಂದ ಮೇಲೂ ಮಕ್ಕಳನ್ನು ಕಿತ್ತುಕೊಂಡಾರೆಂದು ಅಡಗಿರುತ್ತಾಳೆ. ಹಾಗಾಗಿ ಎಣಿಕೆಗೆ ಸಿಗುವುದು ಹೆಚ್ಚಾಗಿ ಒಂಟಿ ಗಂಡಸರೇ, ಎಣಿಕೆಯನ್ನು ನಂಬಿ ಕಟ್ಟುವ ಮನೆಗಳೂ ಅವರ ಅಳತೆಯವೇ.

ಈಗ ನಮ್ಮ ಕಡೆಗೆ ಬರುತ್ತೇನೆ. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ನಮ್ಮ ಊರಿನ ಮನೆಯ ನಡುಮನೆಯಲ್ಲಿ, ಕಂಬದ ಪಕ್ಕ, ಕಪ್ಪು ತಗಡಿನ ಒಂದು ಟ್ರಂಕು ಇರುತ್ತಿತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಮಾವನ ಸೈನ್ಯದ ನಂಬರು, ರ‍್ಯಾಂಕು, ಹೆಸರು. ಹವಾಲ್ದಾರರಾಗಿದ್ದ ಮಾವ 1989ರಲ್ಲಿ ಸೇವೆಯಲ್ಲಿರುವಾಗಲೇ ಕಾಯಿಲೆಯಿಂದ ತೀರಿಕೊಂಡರು. ಸೋದರತ್ತೆ ಇಬ್ಬರು ಮಕ್ಕಳನ್ನೂ ಆ ಟ್ರಂಕನ್ನೂ ತೆಗೆದುಕೊಂಡು ತವರಿಗೆ ಬಂದರು. ನಾನು ಕಂಡಂತೆ ತವರು ಅವರನ್ನು ಚೆನ್ನಾಗಿಯೇ ನೋಡಿಕೊಂಡಿತು. ತಿಂಗಳ ಮೊದಲ ವಾರ ಅತ್ತೆ ಬಸ್ಸು ಹತ್ತಿ ಅರಸೀಕೆರೆಯ ಬ್ಯಾಂಕಿಗೆ ಹೋಗಿ ಬರುವಾಗ ಮನೆಗೆ ಬೆಲ್ಲ, ಕಾಫಿಪುಡಿ, ನಮಗೆಲ್ಲ ಬಿಸ್ಕತ್ತು ಬರುತ್ತಿತ್ತು. ನವೆಂಬರಿನಲ್ಲಿ ಬದುಕಿದ್ದೇನೆಂದು ಬ್ಯಾಂಕಿಗೆ ಪ್ರಮಾಣಪತ್ರ ಕೊಟ್ಟು ಬಂದ ದಿನ ಅವರು, “ಇನ್ನೊಂದು ವರ್ಷ ಬದುಕ್ಕೊಂಡೆ ಕಣೋ” ಎಂದು ನಗುತ್ತಿದ್ದರು. ತಾತ ಹೋದ ಮೇಲೆ ಪಾಲು ಆಯಿತು. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ತಿದ್ದುಪಡಿ ಅದಕ್ಕೂ ಮೊದಲೇ ಮದುವೆಯಾದವರಿಗೆ ಅನ್ವಯಿಸುತ್ತಿರಲಿಲ್ಲ. ಆದರೂ ತಾತನ ಭಾಗದಲ್ಲಿ ಅತ್ತೆಗೊಂದು ಅಂಶವಿತ್ತು. ನಮ್ಮ ಅಪ್ಪನೇ ಅವರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರು, ಅರಿಶಿನ ಕುಂಕುಮಕ್ಕೆಂದು ಒಂದು ರೇಷ್ಮೆ ಸೀರೆ ಕೊಟ್ಟರು. ಆ ವರ್ಷವೇ ಟ್ರಂಕು ನಡುಮನೆಯಿಂದ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಗೆ ಹೋಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ.

ಎಣಿಕೆಯ ಮರುದಿನ ಅತ್ತೆಗೆ ಫೋನು ಮಾಡಿದಾಗ ವ್ಯಾನಿನ ಕತೆ ಹೇಳಿದ್ದೆ. ಎಲ್ಲವನ್ನೂ ಕೇಳಿ ಅವರು ಕೇಳಿದ್ದು ಒಂದೇ: “ಆರು ವರ್ಷ ಮಾಡಿದ್ರೂ ಪಿಂಚಣಿ ಇಲ್ವೇನಪ್ಪ? ಹಂಗಾದ್ರೆ ಆ ಹೆಣ್ಮಗಳು ಯಾವ ಧೈರ್ಯದ ಮೇಲೆ ಅಕ್ಕನ ಮನೇಲಿ ಕೂತ್ಕೊಂಡು ಉಣ್ಬೇಕು?”

ಹೌದು, ಇಲ್ಲಿ ಇಪ್ಪತ್ತು ವರ್ಷ ಪೂರೈಸದವರಿಗೆ ಸೇವಾ ಪಿಂಚಣಿ ಇಲ್ಲ. ಗಾಯ, ಕಾಯಿಲೆಗೆ ಸಿಗುವ ಪರಿಹಾರಧನ ಬೇರೆ, ಅದಕ್ಕೆ ಪುರಾವೆ ಬೇಕು, ಕಾಯಬೇಕು. ಹೆಚ್ಚಿನವರು ನಾಲ್ಕೋ ಆರೋ ಎಂಟೋ ವರ್ಷಕ್ಕೆ ಹೊರಬರುತ್ತಾರೆ. ಹಳೆಯ ನಿಯಮದಲ್ಲಿ ಸೇರಿದ ಭಾರತದ ಜವಾನ ಹದಿನೈದು ವರ್ಷ ಕಳೆದರೆ ಸಾಯುವವರೆಗೆ ಪಿಂಚಣಿ, ಅವನ ನಂತರ ಹೆಂಡತಿಗೆ ಕುಟುಂಬ ಪಿಂಚಣಿ, ಕ್ಯಾಂಟೀನು, 2003ರಿಂದ ಆಸ್ಪತ್ರೆ ವೆಚ್ಚದ ಯೋಜನೆ, ಹಲವು ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಕಚೇರಿ, ಜೊತೆಗೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಎರಡನೆಯ ಕೆಲಸ. ಅತ್ತೆಗೆ ನಡುಮನೆ ಸಿಕ್ಕಿದ್ದು ತವರಿನ ಮಮತೆಯಿಂದ ಎಂದೇ ನಾನು ಬಹಳ ಕಾಲ ನಂಬಿದ್ದೆ. ಮಮತೆ ಇರಲಿಲ್ಲವೆಂದಲ್ಲ. ಆದರೆ ಹಂಗಿನ ಅನ್ನವಾಗದಂತೆ ಕಾಪಾಡಿದ್ದು ಆ ಪಾಸ್‌ಪುಸ್ತಕ. ಪಿಂಚಣಿಯಿಲ್ಲದೆ ಮಕ್ಕಳೊಂದಿಗೆ ತವರಿಗೆ ಮರಳಿದ ಹೆಂಗಸರು ನಮ್ಮೂರಲ್ಲೇ ಇದ್ದರು. ಅವರ ಟ್ರಂಕು ನಡುಮನೆಗೆ ಬರಲೇ ಇಲ್ಲ, ನೇರವಾಗಿ ಕೊಟ್ಟಿಗೆಯ ಪಕ್ಕಕ್ಕೇ ಹೋಯಿತು. ಅವರನ್ನು ಮನೆಯಿಲ್ಲದವರೆಂದು ಯಾವ ಸರ್ಕಾರವೂ ಎಣಿಸಿಲ್ಲ, ಎಣಿಸುವ ಯೋಚನೆಯೂ ನಮಗೆ ಬಂದಿಲ್ಲ.

ಈ ಪಿಂಚಣಿಯ ಕಂಬವನ್ನು ಈಗ ನಾವೇ ಸರಿಸಿದ್ದೇವೆ, ಅದೂ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸಮವಸ್ತ್ರ ತೊಡುತ್ತಿರುವ ಹೊತ್ತಿನಲ್ಲಿ. ಸೇನೆಯ ಪೊಲೀಸ್ ವಿಭಾಗಕ್ಕೆ ಸೇರಿದ ಮೊದಲ ಮಹಿಳಾ ತಂಡದ 83 ಮಂದಿ 2021ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಅವರು ಹಳೆಯ ನಿಯಮದವರು. 2022ರ ಜೂನಿನಲ್ಲಿ ಅಗ್ನಿಪಥ ಎಂಬ ನೇಮಕಾತಿ ಯೋಜನೆ ಬಂದ ಮೇಲೆ ಸೇರಿದ ‘ಅಗ್ನಿವೀರ’ರಿಗೆ ಸೇವೆ ನಾಲ್ಕೇ ವರ್ಷ. ಅವರಲ್ಲಿ ಕಾಯಂ ಆಗುವವರು ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚಿಲ್ಲ. ಉಳಿದವರಿಗೆ ಸುಮಾರು 11.7 ಲಕ್ಷ ರೂಪಾಯಿಯ ಇಡಿಗಂಟು. ಪಿಂಚಣಿಯಿಲ್ಲ, ಕ್ಯಾಂಟೀನಿಲ್ಲ, ಮಾಜಿ ಸೈನಿಕರೆಂಬ ಸ್ಥಾನವೂ ಇಲ್ಲ. 2023ರ ಮಾರ್ಚಿನಲ್ಲಿ ಚಿಲಿಕಾದ ನೌಕಾ ತರಬೇತಿ ಕೇಂದ್ರದಿಂದ ಹೊರಬಂದ ಮೊದಲ ಅಗ್ನಿವೀರರ ತಂಡದಲ್ಲಿ 270ಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು. ವ್ಯಾನಿನ ಹೆಂಗಸು ಮಾಡಿದ್ದೂ ನೌಕಾಪಡೆಯ ಕೆಲಸವೇ, ಅವಳೂ ಪಿಂಚಣಿಯ ಗೆರೆ ಮುಟ್ಟುವ ಮುನ್ನವೇ ಹೊರಬಂದವಳು. ಅಮೆರಿಕದ ಪದ್ಧತಿಯಿಂದ ನಾವು ಅಲ್ಪಾವಧಿಯ ಸೇವೆಯನ್ನು ತಂದುಕೊಂಡೆವು. ಅದರ ಬೆನ್ನಿಗೆ ಅಮೆರಿಕ ಎಂಬತ್ತು ವರ್ಷಗಳಿಂದ ಕಟ್ಟುತ್ತ ಬಂದ ಓದಿನ ಖರ್ಚು, ಮನೆ ಸಾಲದ ಖಾತರಿ, ಬಾಡಿಗೆ ಚೀಟಿ, ಜನವರಿಯ ಎಣಿಕೆ ಯಾವುದನ್ನೂ ತರಲಿಲ್ಲ. ಅಷ್ಟೆಲ್ಲ ಇದ್ದೂ ಅಲ್ಲಿ ವ್ಯಾನಿನ ಗಾಜಿಗೆ ಟವೆಲು ಕಟ್ಟುವವರಿದ್ದಾರೆ.

ಇದು ನಾಳೆಯೇ ಆಗುತ್ತದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಸೇರುವಾಗ ಈ ಹುಡುಗಿಯರು ಮದುವೆಯಾಗಿರುವುದಿಲ್ಲ. ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯದಲ್ಲಿ ಹೊರಬರುತ್ತಾರೆ. ಹೆಚ್ಚಿನವರಿಗೆ ಪೊಲೀಸು, ಅರೆಸೇನಾ ಪಡೆಗಳಲ್ಲಿ ಕೆಲಸ ಸಿಕ್ಕರೂ ಸಿಗಬಹುದು. ಇಡಿಗಂಟು ಅಷ್ಟರಲ್ಲಿ ಯಾರ ಮದುವೆಗೆ, ಯಾವ ತಮ್ಮನ ಓದಿಗೆ, ಯಾವ ಮನೆಯ ತಾರಸಿಗೆ ಹೋಗುತ್ತದೆ ಎಂಬುದನ್ನು ನಮ್ಮ ಮನೆಗಳನ್ನು ಬಲ್ಲ ಯಾರಾದರೂ ಊಹಿಸಬಲ್ಲರು. ತೊಂದರೆ ಬರುವುದಿದ್ದರೆ ಹತ್ತು ಹನ್ನೆರಡು ವರ್ಷದ ನಂತರ, ಎರಡು ಮಕ್ಕಳಾದ ಮೇಲೆ, ಮದುವೆ ಮುರಿದಾಗಲೋ ಗಂಡ ಸತ್ತಾಗಲೋ. ಆಗ ಅವಳ ಕೈಯಲ್ಲಿ ಅತ್ತೆಯ ಪಾಸ್‌ಪುಸ್ತಕ ಇರುವುದಿಲ್ಲ, ತಾನು ಸೈನ್ಯದಲ್ಲಿದ್ದೆ ಎಂದು ಸೈನಿಕ ಕಲ್ಯಾಣ ಕಚೇರಿಗೆ ಹೋದರೆ ನೀವು ನಮ್ಮ ಪಟ್ಟಿಯವರಲ್ಲ ಎನ್ನಬಹುದು.

ಕೂಟದ ಆ ಹಿರಿಯರಿಗೆ ಅಂದು ಹೇಳಲಾಗದ ಮಾತು ಇದು. ಇಲ್ಲಿಯ ಸರ್ಕಾರ ಸೈನಿಕನನ್ನು ಕಂಡು ಅವನ ಮಗುವನ್ನು ಮರೆಯಿತು; ನಾವು ಮಗಳನ್ನೂ ಮೊಮ್ಮಗುವನ್ನೂ ಒಳಗೆ ಕರೆದುಕೊಂಡೆವು, ಆದರೆ ಅವಳ ಹೆಸರಿಗೆ ಒಂದು ಮೂಲೆಯನ್ನೂ ಬರೆಯಲಿಲ್ಲ. ಎರಡರಲ್ಲಿ ಯಾವುದು ವಾಸಿ ಎಂದು ನನ್ನನ್ನು ಕೇಳಿದರೆ, ಸಂಕೋಚದಿಂದಲೇ ಇಲ್ಲಿಯದನ್ನು ಆರಿಸುತ್ತೇನೆ. ಕಾಗದದ ಮೇಲೆ ಬರೆದ ತಪ್ಪನ್ನು ಲೆಕ್ಕಪರಿಶೋಧಕರು ಎತ್ತಿ ತೋರಿಸಿದರು, ಹತ್ತು ವರ್ಷಕ್ಕಾದರೂ ಕಾನೂನು ಬದಲಾಯಿತು. ತೀವ್ರ ಅಂಗವೈಕಲ್ಯದ ಪರಿಹಾರಧನವನ್ನೇ ಆದಾಯವೆಂದು ಹಿಡಿದು, ಆದಾಯ ಹೆಚ್ಚಾಯಿತೆಂದು ಮನೆ ನಿರಾಕರಿಸುತ್ತಿದ್ದ ನಿಯಮವನ್ನೂ 2024ರ ಆಗಸ್ಟಿನಲ್ಲಿ ತಿದ್ದಿದರು. ನಡುಮನೆಯಿಂದ ಕೊಟ್ಟಿಗೆಗೆ ಟ್ರಂಕು ಸಾಗಿದ ತಪ್ಪನ್ನು ಯಾವ ಲೆಕ್ಕಪರಿಶೋಧಕರೂ ಹಿಡಿಯಲಾರರು.

ಕರ್ನಾಟಕದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ಇಂಥ ಲೆಕ್ಕವೊಂದನ್ನು ಇಡುವುದು ಅಸಾಧ್ಯದ ಕೆಲಸವೇನಲ್ಲ. ಮಾಜಿ ಸೈನಿಕರೆಂಬ ಪಟ್ಟ ಕೊಡುವುದು ದಿಲ್ಲಿಯ ಕೈಯಲ್ಲಿರಬಹುದು. ನಮ್ಮ ರಾಜ್ಯದಿಂದ ಹೋಗಿ ಬಂದ ಅಗ್ನಿವೀರರ, ಅವರಲ್ಲೂ ಹೆಣ್ಣುಮಕ್ಕಳ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಲು ದಿಲ್ಲಿಯ ಅಪ್ಪಣೆ ಬೇಕಿಲ್ಲ. ಆ ಪುಸ್ತಕದಲ್ಲಿ ಎರಡು ವರ್ಷಕ್ಕೊಮ್ಮೆ, ಈಗ ಎಲ್ಲಿದ್ದೀರಿ, ಆ ಮನೆ ಯಾರ ಹೆಸರಿನಲ್ಲಿದೆ, ಮಕ್ಕಳೆಷ್ಟು ಎಂದು ಕೇಳಿ ತುಂಬಿಸಬೇಕು. ಹಲವು ಜಿಲ್ಲೆಗಳಲ್ಲಿ ಸೈನಿಕ ವಿಶ್ರಾಂತಿ ಗೃಹಗಳಿವೆ, ಪಿಂಚಣಿ ಕೆಲಸಕ್ಕೋ ಆಸ್ಪತ್ರೆಗೋ ಬಂದ ಗಂಡಸರು ಒಂದೆರಡು ರಾತ್ರಿ ಉಳಿಯುವ ಜಾಗಗಳು. ಅಂಥ ಒಂದೊಂದರಲ್ಲೂ ಮಕ್ಕಳೊಂದಿಗೆ ಬಂದ ಹೆಣ್ಣುಮಗಳಿಗೆ ಮೂರು ತಿಂಗಳು ಬಿಟ್ಟುಕೊಡಬಹುದಾದ ಒಂದು ಕೋಣೆ, ಅದಕ್ಕೆ ಸೇರಿದಂತೆ ಅಡುಗೆಗೊಂದು ಕಟ್ಟೆ, ಬಚ್ಚಲು ಇದ್ದರೆ ಸಾಕು. ಬೀಗದ ಕೈ ಗೃಹ ನೋಡಿಕೊಳ್ಳುವ ಮೇಟಿಯ ಬಳಿಯಲ್ಲ, ಅವಳ ಬಳಿಯೇ ಇರಬೇಕು.